ಬದುಕಿರುವವರ ಹೆಸರು

ನನಗೆ ಬಾಯಿ ಜಾಸ್ತಿ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ. ಕಲ್ಯಾಣದುರ್ಗದಲ್ಲಿ ನಮ್ಮ ಬೀದಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಹಿಂದೂಪುರದ ಕಾರ್ ಶೋರೂಮಿನಲ್ಲಿ ನನಗೆ ಸೇಲ್ಸ್ ಕೆಲಸ ಸಿಕ್ಕಿದ್ದೂ ಈ ಬಾಯಿಯಿಂದಲೇ. ಕನ್ನಡದವರು ಬಂದರೆ ಕನ್ನಡ, ತೆಲುಗಿನವರು ಬಂದರೆ ತೆಲುಗು, ಗಂಡ ಹೆಂಡತಿ ಜಗಳವಾಡಿಕೊಂಡು ಬಂದರೆ ಎರಡರಲ್ಲೂ ಸಮಾಧಾನ. ಇಂಥ ಬಾಯಿ ಇಟ್ಟುಕೊಂಡು, ಒಂದೇ ಒಂದು ಮಾತು ಹೇಳಲಾಗದೆ ಮೂರು ವಾರ ಒದ್ದಾಡಿದೆ ನಾನು.

ಆ ಮಾತು ಹೇಳಬೇಕಾಗಿದ್ದದ್ದು ನನ್ನ ತಾತನಿಗೆ. ಅಮ್ಮನ ಅಪ್ಪ, ರೇವಣಪ್ಪ, ಎಪ್ಪತ್ತೇಳು ವರ್ಷ. ನಮ್ಮಪ್ಪ ಹೋದ ಮೇಲೆ ಅಮ್ಮ, ಅಕ್ಕ ತ್ರಿವೇಣಿ, ನಾನು ಮೂವರೂ ತಾತನ ಮನೆಯಲ್ಲೇ ಉಳಿದೆವು. ನಮ್ಮದು ಅಂಗಡಿ ವ್ಯಾಪಾರದ ಮನೆತನ. ಅಂಥ ಮನೆಯಲ್ಲಿ ತಗಡು ಬಡಿಯುವವನು ಹೇಗೆ ಹುಟ್ಟಿದ ಎಂದು ತಾತನ ಅಣ್ಣತಮ್ಮಂದಿರು ಕೊನೆಯವರೆಗೂ ಆಡಿಕೊಂಡರು. ತಾತ ಟಿಂಕರ್. ಜಜ್ಜಿಹೋದ ಗಾಡಿಯ ಮೈಯನ್ನು ಬಡಿದು ಬಡಿದು ಮತ್ತೆ ಆಕಾರಕ್ಕೆ ತರುವ ಕೆಲಸ. ಪ್ರಾಯದಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿನ ಒಂದು ಕಾರ್ಖಾನೆ ಸೇರಿ, ತುರಗ ಎಂಬ ಕಾರಿಗೆ ಮುಂದಿನ ಮಡ್‌ಗಾರ್ಡ್ ಮಾಡುತ್ತಿದ್ದರು.

ತುರಗ ಈಗಿನವರಿಗೆ ಗೊತ್ತಿಲ್ಲ. ಎರಡೇ ಬಾಗಿಲು, ಎರಡೇ ಸೀಟು, ರೋಡ್ ಹಂಪಿಗೆ ಹೊಟ್ಟೆ ತಾಗುವಷ್ಟು ತಗ್ಗು. ಆ ಕಾಲಕ್ಕೆ ಅದು ಹೋಗುತ್ತಿದ್ದರೆ ಜನ ಊಟ ಬಿಟ್ಟು ಆಚೆ ಬಂದು ನೋಡುತ್ತಿದ್ದರಂತೆ. ಎಂಬತ್ತಮೂರರಿಂದ ತೊಂಬತ್ತೊಂದರವರೆಗೆ ನಾನೂರು ಚಿಲ್ಲರೆ ಕಾರು ಮಾಡಿ ಕಂಪನಿ ಆ ಕಾರನ್ನು ಕೈಬಿಟ್ಟಿತು. ಅದರ ಮಡ್‌ಗಾರ್ಡಿನ ಉಬ್ಬು ತೆಗೆಯುವಷ್ಟು ದೊಡ್ಡ ಮೆಷಿನ್ ತರಲು ಕಂಪನಿಗೆ ಗತಿ ಇರಲಿಲ್ಲ. ಹಾಗಾಗಿ ಮರಳು ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ಬಡಿದೇ ಮಾಡಬೇಕು. ಒಂದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಎಡಗಡೆಯದು ತೋಟಪ್ಪ ಎನ್ನುವವರು ಮಾಡುತ್ತಿದ್ದರು, ಬಲಗಡೆಯದು ನಮ್ಮ ತಾತ. ತೋಟಪ್ಪ ಈಗಿಲ್ಲ.

ಕಾರ್ಖಾನೆ ಮುಚ್ಚಿದಾಗ ಮೂಲೆಯಲ್ಲಿ ಆಕ್ಸಿಡೆಂಟ್ ಆಗಿ ಬಿದ್ದಿದ್ದ ಒಂದು ತುರಗವನ್ನು ತಾತ ಕೇಳಿ ಪಡೆದು, ಲಾರಿಗೆ ಹಾಕಿಸಿಕೊಂಡು ಊರಿಗೆ ಬಂದರು. ಆರು ವರ್ಷ ಅದರ ಮುಂದೆ ಕೂತು ಜೀವ ಬರಿಸಿದರು. ಕುಂಕುಮದ ಬಣ್ಣ. ಇವತ್ತಿಗೂ ಓಡುತ್ತದೆ. ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಅಕ್ಕಮ್ಮನ ಬೆಟ್ಟದ ಬುಡದವರೆಗೆ ಒಂದು ಸುತ್ತು ಹಾಕಿಸಿಕೊಂಡು ಬರುತ್ತಾರೆ. ಎರಡು ವರ್ಷದ ಹಿಂದೆ ಆ ಕಂಪನಿಯವರೇ ಪುಣೆಯ ಹೆಡ್ಡಾಫೀಸಿನಿಂದ ಒಬ್ಬರನ್ನು ಕಳಿಸಿ ಅದರ ಫೋಟೋ ತೆಗೆಸಿಕೊಂಡು ಹೋಗಿದ್ದರು. ಓಡುವ ಸ್ಥಿತಿಯಲ್ಲಿ ಉಳಿದಿರುವುದು ಇದೊಂದೇ ಎಂದು ಅವರೇ ಹೇಳಿದ್ದು. ನಮ್ಮ ಶೋರೂಮಿನಲ್ಲಿ ಮಾರುವುದೂ ಅದೇ ಕಂಪನಿಯ ಗಾಡಿಗಳನ್ನೇ.

ಶಿವರಾತ್ರಿ ಮುಗಿದ ಮಾರನೆಯ ವಾರ ನಮ್ಮ ಮ್ಯಾನೇಜರ್ ಆನಂದಕುಮಾರ್ ಬೆಳಗಿನ ಮೀಟಿಂಗಿನಲ್ಲಿ, ಹೊಸ ಎಲೆಕ್ಟ್ರಿಕ್ ಗಾಡಿ ಬರುತ್ತಿದೆ, ಅದರ ಹೆಸರು ತುರಗ ಎಂದರು. ನಾನು ಕುರ್ಚಿ ಬಿಟ್ಟು ಎದ್ದೆ.

"ಸಾರ್, ತುರಗದ ಮಡ್‌ಗಾರ್ಡ್ ಮಾಡಿದ್ದು ನಮ್ಮ ತಾತ! ಗಾಡಿ ಇನ್ನೂ ಓಡ್ತೈತೆ ಸಾರ್, ನಮ್ಮನೇಲೇ ಐತೆ!"

ಆನಂದಕುಮಾರ್ ಕಣ್ಣು ಅಗಲವಾದವು. ಆಗಲೇ ಪುಣೆಗೆ ಫೋನ್ ಹಚ್ಚಿದರು. ನಾನೋ, ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ತಾತನಿಗೆ ಫೋನ್ ಮಾಡಿ, "ತಾತ, ತುರಗ ಮತ್ತೆ ಬತ್ತಾ ಐತೆ! ಕಂಪನಿಯವ್ರು ನಿನ್ನ ಕರೀತಾರೆ!" ಎಂದು ಕಿರುಚಿದೆ. "ಬತ್ತೀನಿ ಅಂತ ಹೇಳಮ್ಮ" ಎಂದರು ತಾತ.

ಮಾರನೆಯ ದಿನ ಗಾಡಿಯ ಫೋಟೋಗಳು ಬಂದವು. ಅಯ್ಯೋ ನನ್ನ ಹಣೆಬರಹವೇ! ಬಿಳೀ ಬಣ್ಣ, ನಾಲ್ಕು ಬಾಗಿಲು, ಐದು ಜನ ಕೂರುವ ಎತ್ತರದ ಗಾಡಿ. ಜೀಪಿಗೂ ಕಾರಿಗೂ ನಡುವಿನದು, ಕ್ರಾಸ್‌ಓವರ್ ಎನ್ನುತ್ತಾರೆ. ಅದರಲ್ಲಿ ತುರಗದ್ದು ಎಂದು ಹೇಳುವಂಥ ಒಂದು ಗೆರೆ ಇರಲಿಲ್ಲ. ಹಿಂದೆ ಡಿಕ್ಕಿಯ ಮೇಲೆ ಹೆಸರು ಮಾತ್ರ ಇತ್ತು. ಟ್ರೈನಿಂಗಿನಲ್ಲಿ ಪುಣೆಯವರು ನಮಗೆ ಹೇಳಿಕೊಟ್ಟದ್ದು ಇಷ್ಟು: ಅಪ್ಪಂದಿರಿಗೆ ಆ ಹೆಸರಿನ ಮೇಲೆ ಆಸೆ ಇದೆ, ಮಕ್ಕಳಿಗೆ ಈ ಗಾಡಿಯ ಮೇಲೆ ಆಸೆ ಬರುತ್ತದೆ, ಎರಡನ್ನೂ ಸೇರಿಸಿ ಮಾರಿ. ಕೆಟ್ಟ ಗಾಡಿ ಅಂತ ನಾನು ಹೇಳುವುದಿಲ್ಲ. ನಾನೇ ಓಡಿಸಿ ನೋಡಿದ್ದೇನೆ, ಬೆಣ್ಣೆಯ ಹಾಗೆ ಹೋಗುತ್ತದೆ. ಅದಕ್ಕೆ ಬೇರೆ ಏನಾದರೂ ಹೆಸರಿಟ್ಟಿದ್ದರೆ ನಾನು ನೆಮ್ಮದಿಯಾಗಿ ದಿನಕ್ಕೆರಡು ಮಾರುತ್ತಿದ್ದೆ.

ಭಾನುವಾರ ಊರಿಗೆ ಹೋದೆ, ಹೇಳಿಬಿಡೋಣ ಎಂದು. ಬೀದಿಯ ತುದಿಗೇ ಟಣ್ ಟಣ್ ಎಂದು ಸದ್ದು ಕೇಳಿತು. ತಾತ ಶೆಡ್ಡಿನಲ್ಲಿ ಹೊಸ ತಗಡು ತಂದು ಬಡಿಯುತ್ತಿದ್ದರು. ಗಡ್ಡ ನುಣ್ಣಗೆ ಬೋಳಿಸಿದ್ದರು. ಕೊಡತಿಗಳಿಗೆ ಎಣ್ಣೆ ಹಚ್ಚಿ ಸಾಲಾಗಿ ಇಟ್ಟಿದ್ದರು.

"ಕೈ ನಡುಗ್ತೈತೆ ಕಣಮ್ಮ" ಎಂದರು ನನ್ನನ್ನು ನೋಡಿ. "ದಿನಾ ಎರಡು ಗಂಟೆ ಬಡಿದ್ರೆ ಸರಿಹೋಯ್ತದೆ. ನೋಡು, ಮೊನ್ನೆಗಿಂತ ಇವತ್ತಿನ ಉಬ್ಬು ವಾಸಿ."

ಮುಟ್ಟಿ ನೋಡಿದೆ. ಅಂಗೈಗೆ ಎಲ್ಲೂ ಏಟಿನ ಗುರುತು ಸಿಗಲಿಲ್ಲ. ಮೂವತ್ತು ವರ್ಷದಿಂದ ಈ ಮನುಷ್ಯನಿಗೆ ಇಂಥ ಕೆಲಸ ಯಾರೂ ಕೊಟ್ಟಿರಲಿಲ್ಲ. ಟ್ರ್ಯಾಕ್ಟರ್ ರೆಕ್ಕೆ ನೆಟ್ಟಗೆ ಮಾಡುವುದು, ಶಟರ್ ಬಡಿಯುವುದು ಇಷ್ಟೇ. ಈಗಿನ ಕಾರಿಗೆ ಪೆಟ್ಟಾದರೆ ಬಂಪರನ್ನೇ ಬಿಚ್ಚಿ ಬಿಸಾಕಿ ಹೊಸದು ಹಾಕುತ್ತಾರೆ.

"ತಾತ, ಹೊಸ ಗಾಡಿ ನೀನು ಅಂದ್ಕೊಂಡಂಗೆ ಇರಕಿಲ್ಲವೇನೋ" ಎಂದು ಶುರು ಮಾಡಿದೆ. ನನ್ನ ಮಟ್ಟಿಗೆ ಅದೇ ದೊಡ್ಡ ಧೈರ್ಯ.

ತಾತ ನಕ್ಕರು. "ನಿಮ್ಮಕ್ಕನ ಮಗೀಗೆ ಹೆಸ್ರಿಡೋವಾಗ ನಿಮ್ಮಮ್ಮ ಏನ್ ಗಲಾಟೆ ಮಾಡಿದ್ಳು, ಮರ್ತ್ಬುಟ್ಯಾ?"

ಮರೆಯುವುದೆಲ್ಲಿ! ಮೂರು ವರ್ಷದ ಹಿಂದಿನ ಮಾತು. ತ್ರಿವೇಣಿಗೆ ಗಂಡು ಮಗುವಾದಾಗ ನಮ್ಮ ಭಾವನ ಕಡೆಯವರು ಪ್ರೀತಿಯಿಂದಲೇ, ಮುತ್ತಾತನ ಹೆಸರು ರೇವಣ ಅಂತಲೇ ಇಡೋಣ ಎಂದರು. ನಮ್ಮಮ್ಮ ಸರ್ವಮಂಗಳಮ್ಮ ತೊಟ್ಟಿಲ ಮುಂದೆಯೇ ಸೆರಗು ಸಿಕ್ಕಿಸಿಕೊಂಡು ನಿಂತುಬಿಟ್ಟಳು. "ನಮ್ಮಪ್ಪ ಗುಂಡುಕಲ್ಲಂಗೆ ಕುಂತವ್ರೆ, ಅವ್ರ ಹೆಸ್ರ ಮಗೀಗಿಡ್ತೀರಾ? ಆಯಸ್ಸು ಕಿತ್ಕೊಳ್ಳೋಕೆ ಬಂದಿದ್ದೀರೇನ್ರೀ?" ನಮ್ಮ ಕಡೆ ಹಾಗೇ. ಹೋದವರ ಹೆಸರನ್ನು ಹುಟ್ಟಿದವರಿಗೆ ಇಡುತ್ತೇವೆ. ಬದುಕಿರುವವರ ಹೆಸರನ್ನು ಮುಟ್ಟುವುದಿಲ್ಲ. ಮಗುವಿಗೆ ಬೇರೆ ಹೆಸರಿಟ್ಟರು. ರೇವಣ ಎಂಬ ಹೆಸರು ತಾತ ಹೋದ ಮೇಲೆ ಹುಟ್ಟುವವರಿಗೆ ಎಂದು ಹಾಗೇ ಇದೆ.

"ನಮ್ಮ ಗಾಡಿ ಬದುಕೈತೆ ಅಂತ ಕಂಪನಿಯವ್ರಿಗೆ ಗೊತ್ತು" ಎಂದರು ತಾತ, ಲೆಕ್ಕ ಬಿಡಿಸಿ ಹೇಳುವ ಮೇಷ್ಟ್ರಂತೆ. "ಅವ್ರೇ ಬಂದು ಫೋಟೋ ಹೊಡ್ಕೊಂಡು ಹೋಗವ್ರೆ. ಬದುಕಿರೋದ್ರ ಹೆಸ್ರ ತಕ್ಕೊಂಡೋಗಿ ಇನ್ನೊಂದಕ್ಕೆ ಇಡ್ತಾರೇನಮ್ಮ ಯಾರಾದ್ರೂ? ಅದೇ ಗಾಡೀನೇ ಮತ್ತೆ ಮಾಡ್ತಾವ್ರೆ. ಪೆಟ್ರೋಲ್ ಎಂಜಿನ್ ತೆಗ್ದು ಕರೆಂಟಿಂದು ಕೂರಿಸ್ತಾರೆ. ಮೈ ಅದೇ. ಅದಕ್ಕೇ ನನ್ನ ಕರೀತಾವ್ರೆ."

ನಾನು ಫೋನ್ ತೆಗೆದು ಫೋಟೋವನ್ನೇ ಮುಂದೆ ಹಿಡಿದೆ. ತಾತ ಕಣ್ಣು ಕಿರಿದು ಮಾಡಿ ನೋಡಿ, ಬೆರಳಿನಿಂದ ಗಾಜು ಒರೆಸಿ, ಮತ್ತೆ ನೋಡಿ, "ಬಿಳೇದು ಅಂತ ಮಾತ್ರ ಕಾಣ್ತೈತೆ ಕಣಮ್ಮ. ಇಷ್ಟು ಸಣ್ಣದ್ರಲ್ಲಿ ನಂಗೆ ಗೊತ್ತಾಗಕಿಲ್ಲ, ಎದುರಿಗೇ ನೋಡ್ತೀನಿ ಬಿಡು" ಎಂದು ಫೋನ್ ವಾಪಸ್ ಕೊಟ್ಟರು. ನನಗೆ ಆಗ ಆದದ್ದು ಸಮಾಧಾನ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸದ್ಯ ತಪ್ಪಿತು ಎನ್ನಿಸಿತು.

ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೂತಳು. "ನಮ್ಮಪ್ಪ ದಿನಾ ಎರಡು ರೊಟ್ಟಿ ಜಾಸ್ತಿ ತಿಂತಾವ್ರೆ ಕಣೇ. ಬೆಳಿಗ್ಗೆ ಎದ್ದು ಹಾಡ್ಕೊಂತಾರೆ. ಹಿಂಗೆ ನೋಡಿ ಎಷ್ಟು ವರ್ಷ ಆಗಿತ್ತು. ನೀನೇ ಹಚ್ಚಿದ್ದು, ನೀನೇ ಆರ್ಸು. ನನ್ ಕೈಲಿ ಆಗಕಿಲ್ಲಮ್ಮ" ಎಂದಳು. ನನ್ನ ಕೈಯಲ್ಲೂ ಆಗಲಿಲ್ಲ.

ಹಿಂದೂಪುರಕ್ಕೆ ಬಂದವಳೇ ಆನಂದಕುಮಾರ್ ಹತ್ತಿರ ಹೋದೆ. ಸಾರ್, ನಮ್ಮ ತಾತ ಬೇರೇನೋ ತಿಳಿದುಕೊಂಡಿದ್ದಾರೆ, ಅವರನ್ನು ಕರೆಯುವುದು ಬೇಡ ಎಂದೆ. ಅವರೇನೂ ಕೆಟ್ಟವರಲ್ಲ. ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಪುಣೆಯವರು ಕ್ಯಾಮೆರಾ ಬುಕ್ ಮಾಡಿದ್ದಾರೆ, ಟಿಕೆಟ್ ಮಾಡಿಸಿದ್ದಾರೆ. ನಾಲ್ಕು ಊರಿನ ಶೋರೂಮ್ ಬಿಟ್ಟು ನಮ್ಮದೇ ಆರಿಸಿದ್ದು ನಿಮ್ಮ ತಾತ ಇದ್ದಾರೆ ಅಂತ. ಈಗ ಬೇಡ ಅಂದ್ರೆ ನನ್ನನ್ನ ಕೇಳ್ತಾರೆ, ನಾನು ನಿನ್ನ ಹೆಸರು ಹೇಳಬೇಕಾಗ್ತದೆ. ನೇನೇಂ ಚೆಯ್ಯಗಲನಮ್ಮಾ?" ಎಂದರು. ತಾನೇನು ಮಾಡಲು ಸಾಧ್ಯ ಎಂದು ಅವರು ನನ್ನನ್ನೇ ಕೇಳಿದರೆ ನಾನು ಯಾರನ್ನು ಕೇಳಲಿ!

ಆ ದಿನ ಬಂದೇ ಬಂತು. ತಾತ ಬಿಳೀ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಡಿಕ್ಕಿಯಲ್ಲಿ ಕೊಡತಿಗಳನ್ನೂ ಮರಳು ಚೀಲವನ್ನೂ ಇಟ್ಟುಕೊಂಡು ಬೆಳಿಗ್ಗೆ ಆರಕ್ಕೇ ಹೊರಟರು. ಪಕ್ಕದಲ್ಲಿ ಹಿಂದಿನ ರಾತ್ರಿಯೇ ಊರಿಗೆ ಬಂದಿದ್ದ ನಾನು, ಶೋರೂಮಿನ ನೀಲಿ ಯೂನಿಫಾರ್ಮಿನಲ್ಲಿ. ತುರಗದಲ್ಲಿ ಕೂತರೆ ಲಾರಿಯ ಚಕ್ರ ನಮ್ಮ ತಲೆಯ ಎತ್ತರಕ್ಕೆ ಕಾಣುತ್ತದೆ. ದಾರಿಯುದ್ದಕ್ಕೂ ಬೈಕಿನವರು ಪಕ್ಕಕ್ಕೆ ಬಂದು, "ತಾತಾ, ಇದೇಂ ಬಂಡಿ?" ಎಂದು ತೆಲುಗಿನಲ್ಲಿ ಕೂಗಿ ಕೇಳುವುದು, ತಾತ "ತುರಗ!" ಎಂದು ಕೂಗಿ ಹೇಳುವುದು. ಇದೇ ನಡೆಯಿತು.

ಪೆನುಕೊಂಡದ ಹತ್ತಿರ ಬೇರೊಂದು ಕಂಪನಿಯ ದೊಡ್ಡ ಕಾರ್ ಫ್ಯಾಕ್ಟರಿಯ ಮುಂದೆ ತಾತ ಗಾಡಿ ನಿಧಾನ ಮಾಡಿದರು. ಬೇಲಿಯಾಚೆ ಹೊಸ ಕಾರುಗಳು ಸಾಲುಸಾಲು ನಿಂತಿದ್ದವು.

"ಒಳಗೆ ಎಷ್ಟು ಜನ ಟಿಂಕರ್‌ಗಳು ಇರ್ಬೋದಮ್ಮ?"

"ಈಗೆಲ್ಲ ಮೆಷಿನ್ನೇ ಒತ್ತಿ ಹಾಕ್ತದೆ ತಾತ. ಒಂದು ಮಡ್‌ಗಾರ್ಡಿಗೆ ಐದು ಸೆಕೆಂಡು."

"ಅದು ಇವ್ರ ಗಾಡಿಗೆ" ಎಂದರು ತಾತ, ಗೇರ್ ಬದಲಾಯಿಸುತ್ತ. "ನಮ್ದು ಮೆಷಿನ್ನಿಗೆ ಬರಕಿಲ್ಲ. ಹುಡುಗ್ರಿಗೆ ಕಲಿಸ್ಬೇಕು ಅಂದ್ರೆ ಆರು ತಿಂಗ್ಳು ಹಿಡೀತದೆ ಅಂತ ಮೊದ್ಲೇ ಹೇಳ್ಬುಡ್ತೀನಿ. ಸಂಬ್ಳ ಗಿಂಬ್ಳ ಏನೂ ಕೇಳಕಿಲ್ಲ. ಮಲಗೋಕೆ ಒಂದು ರೂಮು, ಎರಡೊತ್ತು ಊಟ. ಸಾಕು."

"ತಾತ, ಅಲ್ಲಿ..."

"ಏನಮ್ಮ?"

"ಏನಿಲ್ಲ. ಎಳನೀರು ಕುಡಿತೀಯಾ?"

ಕುಡಿದೆವು. ಅಂಗಡಿಯವನು ಕಾರಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ.

ಶೋರೂಮಿನ ಮುಂದೆ ಶಾಮಿಯಾನ, ಒಳಗೆ ಸಾಲುಸಾಲು ಕುರ್ಚಿ. ಆನಂದಕುಮಾರ್ ಓಡಿ ಬಂದು ತಾತನ ಕಾಲಿಗೆ ನಮಸ್ಕಾರ ಮಾಡಿದರು. ಹಳೆಯ ತುರಗವನ್ನು ಗಾಜಿನ ಗೋಡೆಯಾಚೆ ಬಿಸಿಲಿನಲ್ಲೇ ನಿಲ್ಲಿಸಿ, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿದರು. ಒಳಗೆ ಹೊಸದು ರೇಷ್ಮೆ ಬಟ್ಟೆ ಹೊದ್ದು ನಿಂತಿತ್ತು. ಪುಣೆಯಿಂದ ಬಂದಿದ್ದ ಹುಡುಗಿ ತಾತನಿಗೆ ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ತಾತ ಬಟ್ಟೆಯ ಅಡಿಯ ಆಕಾರವನ್ನೇ ನೋಡುತ್ತಿದ್ದರು. ಸ್ವಲ್ಪ ಎತ್ತರ ಮಾಡಿದ್ದಾರೆ ಎಂದು ನನಗೆ ಪಿಸುಗುಟ್ಟಿದರು.

ಬಟ್ಟೆ ಸರಿಸಿದರು. ಚಪ್ಪಾಳೆ, ಹಾಡು, ಕಣ್ಣು ಕೋರೈಸುವ ಲೈಟು. ತಾತ ಎದ್ದರು. ಯಾರೂ ಕರೆಯದಿದ್ದರೂ ಎದ್ದು, ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಿಂದೆ ಬರೆದಿದ್ದ ಹೆಸರನ್ನು ಬಗ್ಗಿ ಓದಿದರು. ಮತ್ತೆ ಮುಂದಕ್ಕೆ ಬಂದು ಬಲಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಸವರಿ, ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಸದ್ದು ಸತ್ತಿತ್ತು.

"ಪ್ಲಾಸ್ಟಿಕ್ಕು" ಎಂದರು.

ನಾನು ಪಕ್ಕಕ್ಕೆ ಹೋಗಿ ನಿಂತೆ. ಜನ ಫೋಟೋ ತೆಗೆಯುತ್ತಿದ್ದರು. ತಾತ ಗಾಡಿಯನ್ನು ಪ್ರೀತಿಯಿಂದ ಮುಟ್ಟುತ್ತಿದ್ದಾರೆ ಎಂದುಕೊಂಡಿರಬೇಕು.

"ಇದ್ಯಾವ ಗಾಡಿ ಕಣಮ್ಮ?"

"ತುರಗ, ತಾತ."

"ಆಚೆ ನಿಂತೈತಲ್ಲ, ಅದು?"

"ಅದೂ ತುರಗಾನೇ."

ತಾತ ಗಾಜಿನಾಚೆ ನೋಡಿದರು, ಮತ್ತೆ ನನ್ನನ್ನು ನೋಡಿದರು. "ನಿಂಗೆ ಮೊದ್ಲೇ ಗೊತ್ತಿತ್ತಾ?"

ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟು ಮಾಡಿದ್ದರೆ ನಾನು ಬದುಕುತ್ತಿದ್ದೆ, ತಿರುಗಿ ಏನಾದರೂ ಒದರಿ ಅತ್ತು ಹಗುರಾಗುತ್ತಿದ್ದೆ. ತಲೆ ತಗ್ಗಿಸಿದೆ. ಅದೇ ಉತ್ತರವಾಯಿತು. ತಾತ ಶಾಲಿನ ತುದಿಯಿಂದ ಮುಖ ಒರೆಸಿಕೊಂಡರು. "ಡಿಕ್ಕಿ ಯಾರೂ ತೆಗೀದಂಗೆ ನೋಡ್ಕೋ" ಎಂದರು. ಕೊಡತಿ, ಮರಳು ಚೀಲ ಯಾರ ಕಣ್ಣಿಗೂ ಬೀಳಬಾರದು ಅಂತ.

ಅಷ್ಟರಲ್ಲಿ ಆನಂದಕುಮಾರ್ ಮೈಕ್ ತಂದು ತಾತನ ಕೈಗೆ ಕೊಟ್ಟರು. ಕ್ಯಾಮೆರಾದ ಕೆಂಪು ದೀಪ ಹತ್ತಿತು. "ತಾತಗಾರು, ಒಂದೇ ಮಾತು. ಗಾಡಿಯ ಮೇಲೆ ಕೈ ಇಟ್ಟು, ಇದೇ ನನ್ನ ತುರಗ ಅನ್ನಿ. ಕನ್ನಡದಲ್ಲಿ ಒಂದ್ಸಲ, ತೆಲುಗಲ್ಲಿ ಒಂದ್ಸಲ. ಕಾಸ್ತ ನವ್ವಂಡಿ" ಎಂದು ತಾವೇ ನಕ್ಕು ತೋರಿಸಿದರು.

ತಾತ ಮೈಕನ್ನು ನೋಡಿದರು. ತಲೆ ಅಡ್ಡ ಆಡಿಸಿದರು. ಆಗುವುದಿಲ್ಲ.

ಹಾಡು ನಿಂತಿತು. ಮುಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ಪುಣೆಯ ಹುಡುಗಿ ಆನಂದಕುಮಾರ್ ಕಡೆ ನೋಡಿದಳು, ಆನಂದಕುಮಾರ್ ನನ್ನ ಕಡೆ ನೋಡಿದರು. ಆ ನೋಟವನ್ನು ತಾತ ಹಿಂಬಾಲಿಸಿದರು. ಹತ್ತಿರದ್ದು ಮಂಜಾಗುವ ಆ ಕಣ್ಣಿಗೆ ಫೋನಿನ ಫೋಟೋ ಕಾಣಲಿಲ್ಲ, ಇದು ಮಾತ್ರ ಕಂಡಿತು. ಮೈಕನ್ನು ಎದೆಗೆ ಒತ್ತಿ ಮುಚ್ಚಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಾ ಹೇಳ್ದೆ ಹೋದ್ರೆ ನಿನ್ನ ಕೆಲ್ಸಕ್ಕೆ ತೊಂದ್ರೆ ಆಯ್ತದಾ?"

ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ. ನಾಲ್ಕು ಮಾತು ಬೈದು ಬಿಟ್ಟುಬಿಡುತ್ತಿದ್ದರೇನೋ. ಇಲ್ಲ ತಾತ, ಏನೂ ಆಗಕಿಲ್ಲ, ನಡಿ ಮನೆಗೆ ಹೋಗೋಣ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇಡೀ ಊರಿಗೆ ಮಾತು ಮಾರುವ ನಾನು ಹೌದೆಂದು ತಲೆಯಾಡಿಸಿದೆ.

ತಾತ ನೆಟ್ಟಗೆ ನಿಂತರು. ಬಲಗೈಯನ್ನು ಬಿಳೀ ಪ್ಲಾಸ್ಟಿಕ್ಕಿನ ಮೇಲೆ ಇಟ್ಟರು. ಬೇಕೆಂದೇ ಮೆತ್ತಗೆ ಇಟ್ಟರು, ತೊಟ್ಟಿಲ ಮಗುವಿನ ತಲೆಯ ಮೇಲೆ ಇಡುವ ಹಾಗೆ. ಮೂರು ವಾರ ಬಡಿದು ಅವರು ಗೆದ್ದಿದ್ದ ನಡುಕ ಮತ್ತೆ ಬಂದಿತ್ತು.

"ಇದೇ ತುರಗ" ಎಂದರು ಮೈಕಿನಲ್ಲಿ. ದನಿ ಗಟ್ಟಿಯಾಗಿತ್ತು. "ಹಳೇ ತುರಗ ತೀರಿಹೋಯ್ತು. ಅದಕ್ಕೇ ಅದ್ರ ಹೆಸ್ರ ಇದಕ್ಕೆ ಇಟ್ಟವ್ರೆ. ನೂರು ವರ್ಷ ಬಾಳ್ಲಿ."

ಗಾಜಿನಾಚೆ ಅದು ನಿಂತಿತ್ತು. ಮೂರು ಗಂಟೆ ನಮ್ಮನ್ನು ಹೊತ್ತು ತಂದದ್ದು. ಎಂಜಿನ್ನಿನ ಬಿಸಿ ಇನ್ನೂ ಆರಿರಲಿಕ್ಕಿಲ್ಲ.

ಪುಣೆಯ ಹುಡುಗಿಗೆ ಅರ್ಥವಾಗಿರಲಿಲ್ಲ. ಆನಂದಕುಮಾರ್ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವಳ ಕಣ್ಣು ತುಂಬಿಬಂತು. ಇಷ್ಟು ಚೆನ್ನಾಗಿ ಯಾರೂ ಬರೆದುಕೊಡಲು ಆಗುತ್ತಿರಲಿಲ್ಲ, ಜಾಹೀರಾತಿಗೆ ಇದನ್ನೇ ಹಾಕೋಣ, ತೆಲುಗಿನಲ್ಲೂ ಹೀಗೇ ಹೇಳಲಿ ಎಂದಳು. ತಾತ ಗಂಟಲು ಸರಿಮಾಡಿಕೊಂಡರು. "ಪಾತ ತುರಗ ಪೋಯಿಂದಿ" ಎಂದು ತೆಲುಗಿನಲ್ಲಿ ಮತ್ತೊಂದು ಸಲ ಅದನ್ನು ಸಾಯಿಸಿದರು. ಕೊನೆಯಲ್ಲಿ ನಕ್ಕೂ ಬಿಟ್ಟರು, ಹೇಳಿಕೊಟ್ಟ ಹಾಗೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆನಂದಕುಮಾರ್ ನನ್ನ ಕಡೆ ನೋಡುತ್ತಿದ್ದರು. ನಾನೂ ತಟ್ಟಿದೆ.